ತವರು ಎಂದು ಕೆತ್ತಿದ ಚೌಕಟ್ಟು

ನನ್ನ ರೊಟ್ಟಿ ತೊಗಲಿನ ಹಾಗಿದೆ ಎಂದು ಒಬ್ಬ ಮನುಷ್ಯ ನನ್ನ ಹೊಸ್ತಿಲಲ್ಲೇ ನಿಂತು ಹೇಳಿದಾಗ ನನಗೆ ಮೊದಲು ನಗು ಬಂತು. ಸಿಟ್ಟು ಆಮೇಲೆ ಬಂತು, ಬಂದದ್ದು ಬಹಳ ದಿನ ಹೋಗಲಿಲ್ಲ. ನಾನು ಹೊನ್ನವ್ವ. ನಮ್ಮೂರಿನ ಬಾವಿ ಓಣಿಯಲ್ಲಿ ನನ್ನದೊಂದು ಖಾನಾವಳಿ ಇತ್ತು. ಅವ್ವ ಹಾಕಿದ ಒಲೆ, ಅವ್ವ ಪಳಗಿಸಿದ ಹಂಚು, ಅವ್ವ ಕಲಿಸಿದ ಕೈ. ಮದುವೆ ನನಗೆ ಕೂಡಿ ಬರಲಿಲ್ಲ, ನಾನೂ ಅದರ ಬೆನ್ನು ಹತ್ತಲಿಲ್ಲ. ಬೇರೆ ವಿಷಯಗಳಲ್ಲಿ ಊರವರು ನನಗೆ ಬೇಕಾದಷ್ಟು ಬುದ್ಧಿ ಹೇಳಿದ್ದಾರೆ, ರೊಟ್ಟಿಯ ವಿಷಯದಲ್ಲಿ ಮಾತ್ರ ಯಾರೂ ತುಟಿ ಬಿಚ್ಚಿದ್ದಿಲ್ಲ.

“ನನ್ನ ರೊಟ್ಟಿ ಯಾವಾಗ ತಿಂದ್ರಿ?” ಎಂದೆ. ಆ ಮನುಷ್ಯನನ್ನು ನನ್ನ ಪಂಕ್ತಿಯಲ್ಲಿ ನಾನು ಎಂದೂ ನೋಡಿರಲಿಲ್ಲ.

“ನಿನ್ನೆ ಮಧ್ಯಾಹ್ನ. ಅಂದಾನಪ್ಪನ ಹೋಟೆಲಿನ್ಯಾಗ. ನೀವ ಬಡ್ಯಾಕತ್ತಿದ್ರಿ, ಗ್ವಾಡಿ ಮ್ಯಾಲೆ ಕಣ್ಣಾರೆ ನೋಡೀನಿ.”

ಆಗ ನನಗೆ ವಿಷಯ ಹೊಳೆಯಿತು. ನಮ್ಮೂರಲ್ಲಿ ಗೋಡೆ ಇದ್ದಲ್ಲಿ ಚೌಕಟ್ಟು ಇರುತ್ತದೆ. ನಾಲ್ಕು ಮರದ ಪಟ್ಟಿ. ಕೆಳಪಟ್ಟಿಯ ಮೇಲೆ ಯಾವ ಜಾಗದ ಹೆಸರು ಕೆತ್ತಿದೆಯೋ ಆ ಜಾಗ ಅದರೊಳಗೆ ಕಾಣುತ್ತದೆ. ಮನೆಯಾದರೆ ಹೊಸ್ತಿಲು ದಾಟಿದ ಕೂಡಲೇ ಇರುವ ಕೋಣೆ, ಬಾಗಿಲೆದುರಿನ ಗೋಡೆಯಿಂದ ನೋಡಿದಂತೆ ಕಾಣುತ್ತದೆ, ಅದರಾಚೆ ಇಲ್ಲ. ಮಾತು ಕೇಳುತ್ತದೆ, ವಾಸನೆ ಬರುವುದಿಲ್ಲ. ನೋಡುವವರು ಯಾರೆಂದು ಆ ಕಡೆಯವರಿಗೆ ತಿಳಿಯುವುದಿಲ್ಲ. ಬಸ್ ನಿಲ್ದಾಣದ ಹೆಸರು ಕೆತ್ತಿಸಿಕೊಂಡವರು ಬಸ್ಸು ಬಂದು ನಿಂತದ್ದು ಕಂಡ ಮೇಲೆಯೇ ಚಪ್ಪಲಿ ಮೆಟ್ಟುತ್ತಾರೆ. ಕ್ಷೌರದ ಅಂಗಡಿಯಲ್ಲಿ ಗರಡಿಮನೆಯ ಚೌಕಟ್ಟಿದೆ, ಕುಸ್ತಿ ಬಿಗಿಯಾದ ದಿನ ಅಲ್ಲಿ ಗಡ್ಡ ಹೆರೆಸಿಕೊಳ್ಳುವುದು ಅಪಾಯ. ಬೇಡವೆಂದವರು ತಮ್ಮ ಹೊಸ್ತಿಲ ಮೇಲೆ ಕೆಮ್ಮಣ್ಣಿನ ಒಂದು ಗೆರೆ ಎಳೆಯುತ್ತಾರೆ. ಗೆರೆ ಎಳೆದ ಮನೆ ಯಾರ ಚೌಕಟ್ಟಿನಲ್ಲೂ ಕಾಣದು, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬೇಕಾದವರಿಗೆ ಕಾಣಲಿ, ಬೇಡಾದವರಿಗೆ ಬೇಡ ಎನ್ನುವ ಸೌಕರ್ಯ ಮಾತ್ರ ಗೆರೆಗಿಲ್ಲ. ಗಂಡ ಹೆಂಡಿರ ದನಿ ಏರಿದರೆ ಓಣಿಯವರು ‘ಗೆರಿ ಎಳಕೊಂಡು ಜಗಳಾಡ್ರಿ’ ಎಂದು ಕೂಗುತ್ತಾರೆ. ದೇವಸ್ಥಾನದವರು ವರ್ಷವಿಡೀ ಗೆರೆ ಎಳೆದಿಡುತ್ತಾರೆ, ಭಕ್ತಿ ಇದ್ದವನು ನಡೆದು ಬರಲಿ ಎಂದು. ಪತ್ತಿನ ಸಂಘದವರೂ ಎಳೆದಿಡುತ್ತಾರೆ, ಅದಕ್ಕೆ ಕಾರಣ ಬೇರೆ.

ಕೆತ್ತಿಸುವ ಮಾತಿನಲ್ಲಿ ಎಚ್ಚರ ಬೇಕು. ಹಿಂದೊಮ್ಮೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಹೆತ್ತವರ ಮನೆ ಕಾಣಲೆಂದು ಆಸೆಪಟ್ಟು ‘ನಮ್ಮ ಮನೆ’ ಎಂದು ಕೆತ್ತಿಸಿದ್ದಳಂತೆ. ಗೋಡೆಗೆ ಹಾಕಿದರೆ ಕಂಡದ್ದು ಗಂಡನ ಮನೆಯ ಪಡಸಾಲೆ, ಅದರ ಗೋಡೆಯಲ್ಲಿ ಅದೇ ಚೌಕಟ್ಟು, ಅದರೊಳಗೆ ಮತ್ತೆ ಪಡಸಾಲೆ, ಅದರೊಳಗೆ ಮತ್ತೆ ಚೌಕಟ್ಟು. ನೋಡಿದವರಿಗೆ ತಲೆ ಸುತ್ತು ಬಂತಂತೆ. ಹುಡುಗಿಯೋ ಅಳುತ್ತ ಕೂತಳಂತೆ, ತಾನಿನ್ನೂ ಒಪ್ಪಿಕೊಳ್ಳದ್ದನ್ನು ಮರದ ಪಟ್ಟಿ ಆಗಲೇ ಒಪ್ಪಿಕೊಂಡಿತ್ತಲ್ಲ! ಅಂದಿನಿಂದ ಮದುಮಗಳ ಚೌಕಟ್ಟಿಗೆ ‘ತವರು’ ಎಂದು ಕೆತ್ತುವ ರೂಢಿ ಬಂತು.

ನನ್ನ ಅಕ್ಕ ಕಾಶವ್ವನಿಗೂ ಅವ್ವ ಅಂಥದೊಂದು ಚೌಕಟ್ಟು ಕೊಟ್ಟು ಕಳಿಸಿದ್ದಳು. ಅಕ್ಕನನ್ನು ಕೊಟ್ಟದ್ದು ಕಲ್ಲು ಕ್ವಾರಿಯ ಆಚೆಗಿನ ಮನೆಗೆ. ದೊಡ್ಡ ಮನೆತನ, ಹೊಸ್ತಿಲಿಗೆ ಸದಾ ಗೆರೆ. ಅವರ ಮನೆ ನನಗೆ ಕಾಣುವಂತಿರಲಿಲ್ಲ. ಅವ್ವ ಇದ್ದಾಗ ಅಕ್ಕನನ್ನು ಹಬ್ಬಕ್ಕೊಮ್ಮೆ ಕಳಿಸುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಅವಳ ಅತ್ತೆ, “ಹಡೆದಾಕಿ ಹೋದ ಮ್ಯಾಲೆ ಎಲ್ಲೀ ತವರು?” ಎಂದು ಆ ದಾರಿಯನ್ನೂ ಮುಚ್ಚಿದಳು. ಆದರೆ ಅಕ್ಕನ ಅಡುಗೆಮನೆಯ ಚೌಕಟ್ಟು ಬೆಳ್ಳಗಾಗಲಿಲ್ಲ. ಅದರಲ್ಲಿ ಬಾವಿ ಓಣಿಯ ನಮ್ಮ ಮನೆ ಕಾಣುತ್ತಲೇ ಇತ್ತು, ಒಲೆಯ ಮುಂದೆ ನಾನು ಕಾಣುತ್ತಲೇ ಇದ್ದೆ.

ಅಕ್ಕ ನನ್ನನ್ನು ನೋಡುತ್ತಾಳೆ ಎಂದು ನನಗೆ ತಿಳಿಯುತ್ತಿದ್ದುದು ಮಕ್ತುಮಸಾಬನಿಂದ. ಅವನು ಪಾತ್ರೆಗೆ ಕಲಾಯಿ ಹಾಕುವವನು. ಆ ಮನೆಯ ಹಿತ್ತಲಲ್ಲಿ ಕೂತು ಹಂಡೆ ತಿಕ್ಕುವಾಗ ಅಕ್ಕ ಹುಣಸೆಹಣ್ಣು ಕೊಡುವ ನೆಪದಲ್ಲಿ ಬಂದು ಒಂದೆರಡು ಮಾತು ಹೇಳುತ್ತಾಳೆ. ನಮ್ಮ ಓಣಿಗೆ ಬಂದಾಗ ಅವನು ಅದನ್ನು ನನಗೆ ಮುಟ್ಟಿಸುತ್ತಾನೆ. “ಕೈ ಸುಟ್ಟಗೊಂಡೀಯಂತ, ಎಣ್ಣಿ ಹಚ್ಚು ಅಂದಾಳ.” “ಒಲಿ ಮುಂದ ಕೂಡೂಕಿಂತ ಮೊದಲ ತಲಿ ಬಾಚಿಕೋ ಅಂದಾಳ.” ಅಕ್ಕನ ಮಾತಿನಲ್ಲಿ ಮುಕ್ಕಾಲು ಪಾಲು ಬೈಗುಳ. ಬೈಗುಳವಿಲ್ಲದೆ ಬಂದಿದ್ದರೆ ಅದು ಅಕ್ಕನ ಮಾತೆಂದು ನಾನು ನಂಬುತ್ತಲೂ ಇರಲಿಲ್ಲ. ನಾನೂ ಬೆಳಿಗ್ಗೆ ಒಲೆ ಹೊತ್ತಿಸುತ್ತ, ಬಾಗಿಲೆದುರಿನ ಗೋಡೆ ನೋಡಿ, “ಎದ್ದೇನವಾ ಅಕ್ಕಾ? ಚಾ ಆತೇನು?” ಎನ್ನುತ್ತೇನೆ. ಬರಿಯ ಗೋಡೆಗೆ ಮಾತಾಡುವವರನ್ನು ನಮ್ಮೂರಲ್ಲಿ ಯಾರೂ ಹುಚ್ಚರೆನ್ನುವುದಿಲ್ಲ.

ತೊಗಲಿನ ಮಾತು ಕೇಳಿದ ದಿನವೇ ಸೆರಗು ಸಿಕ್ಕಿಸಿಕೊಂಡು ಅಂದಾನಪ್ಪನ ಹೋಟೆಲಿಗೆ ಹೋದೆ. ಪೇಟೆಯ ನಡುವೆ ಹೊಸ ಹೋಟೆಲು, ಮೇಜಿನ ಮೇಲೆ ಬಣ್ಣದ ಬಟ್ಟೆ. ಒಳಗಿನ ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಚೌಕಟ್ಟು, ಕೆಳಪಟ್ಟಿಯಲ್ಲಿ ‘ಬಾವಿ ಓಣಿ, ಹೊನ್ನವ್ವನ ಮನೆ’ ಎಂದು ಸಣ್ಣದಾಗಿ ಕೆತ್ತಿ, ಸುಲಭಕ್ಕೆ ಕಾಣದಂತೆ ಅದರ ಮುಂದೆ ಹೂವಿನ ಕುಂಡ ಇಟ್ಟಿದ್ದರು. ಚೌಕಟ್ಟಿನ ನೆತ್ತಿಯ ಮೇಲೆ ಹಳದಿ ಅಕ್ಷರದ ಹಲಗೆ: ‘ನಮ್ಮ ಅಡುಗೆಮನೆ. ನೋಡುತ್ತ ಉಣ್ಣಿರಿ.’ ಒಳಗೆ ನನ್ನ ಒಲೆ, ನನ್ನ ಹಂಚು, ನನ್ನ ಜೊತೆ ದುಡಿಯುವ ದುರಗವ್ವ. ನಾನಿಲ್ಲವೆಂದು ಅವಳು ಒಂದು ಬಿಸಿ ರೊಟ್ಟಿ ಮುರಿದು ಬೆಣ್ಣೆ ಸವರಿ ಬಾಯಿಗಿಟ್ಟುಕೊಂಡದ್ದನ್ನು ಹೋಟೆಲಿನ ಮಂದಿಯ ಜೊತೆ ನಾನೂ ನೋಡಿದೆ. ಎಲೆಗಳಲ್ಲಿ ಇದ್ದದ್ದು ಮಾತ್ರ ಬೇರೆ. ಮೊನ್ನೆಯ ರೊಟ್ಟಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದು. ಹರಿಯಲು ಎರಡೂ ಕೈ ಬೇಕಾಗಿದ್ದವು.

“ಬರ್ರಿ ಹೊನ್ನವ್ವಾರ, ಕೂಡ್ರಿ. ಚಾ ತಗೋರಿ” ಎಂದ ಅಂದಾನಪ್ಪ. ಮಾತಿನಲ್ಲಿ ಬೆಲ್ಲ, ಅದೇ ಅವನ ಬಂಡವಾಳ.

“ಚಾ ಇರಲಿ. ಆ ಹಲಗಿ ತಗೀರಿ. ಅದು ನನ್ನ ಅಡಿಗಿಮನಿ.”

“ನಿಮ್ಮದಲ್ಲ ಅಂತ ಯಾರಂದ್ರು? ಆದ್ರ ಚೌಕಟ್ಟು ನಂದು, ಗ್ವಾಡಿ ನಂದು. ನಿಮ್ಮ ಮನಿಯಿಂದ ಒಂದು ಚಿಟಿಕಿ ಉಪ್ಪರ ತಂದೀನೇನು?”

“ಮತ್ತ ‘ನಮ್ಮ’ ಅಂತ ಯಾಕ ಬರಸೀರಿ?”

“ನಮ್ಮ ಅಂದ್ರ ನಮ್ಮೂರಿನದು ಅಂತ ತಿಳಕೋರಿ. ಪ್ರೀತಿಲೆ ಅಂದಿದ್ದು.” ಆಮೇಲೆ ಅವನು ಗಲ್ಲದ ಬೆವರು ಒರೆಸಿಕೊಂಡು, ನನಗಷ್ಟೇ ಕೇಳುವಂತೆ, “ಬ್ಯಾಡಾದ್ರ ಗೆರಿ ಎಳಕೋರಲ್ಲ. ಬ್ಯಾಡ ಅಂದವ್ರು ಯಾರು?” ಎಂದ.

ನಾನು ಗೆರೆ ಎಳೆಯಲಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಾದರೆ ನಾನು ಅಕ್ಕನ ಜೊತೆ ಮಾತಾಡುವುದನ್ನು ಅವನ ಗಿರಾಕಿಗಳೇ ಕೇಳುತ್ತಿದ್ದರಲ್ಲ. ಗೆರೆ ಎಳೆದರೆ ಅವನ ಗೋಡೆಯ ಜೊತೆ ಅಕ್ಕನ ಗೋಡೆಯೂ ಬೆಳ್ಳಗಾಗುತ್ತದೆ. ಆ ಮನೆಯಲ್ಲಿ ಅವಳಿಗೆ ಇದ್ದ ಒಂದೇ ಕಿಟಕಿ ಅದು.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲೆದುರಿನ ಗೋಡೆಗೆ ಮುಖ ಮಾಡಿ, “ಅಂದಾನಪ್ಪನ ಹೋಟೆಲಿನ್ಯಾಗ ಕುಂತಾವ್ರ ಕೇಳ್ರಿ, ನಿಮ್ಮ ಎಲಿ ಮ್ಯಾಗಿನ ರೊಟ್ಟಿ ನಾ ಬಡದದ್ದಲ್ಲ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅಂದಾನಪ್ಪ ನನ್ನ ದನಿ ಮುಚ್ಚಿಹೋಗುವಂತೆ ರೇಡಿಯೊದ ಕಿವಿ ಹಿಂಡಿದ. ಇದ್ದಿಲಿನಿಂದ ಒಲೆಯ ಹಿಂದಿನ ಗೋಡೆಯ ಮೇಲೆ ‘ಇದು ಹೊನ್ನವ್ವನ ಒಲೆ, ಹೋಟೆಲಿನದಲ್ಲ’ ಎಂದು ದೊಡ್ಡದಾಗಿ ಬರೆದೆ. ಅವನು ಆ ಬಾಗಿಲಿನಂಥ ಚೌಕಟ್ಟು ತೆಗೆಸಿ ಮೊರದಷ್ಟು ಸಣ್ಣದನ್ನು ಹಾಕಿಸಿದ. ಸಣ್ಣ ಚೌಕಟ್ಟಿಗೆ ಸಣ್ಣ ನೋಟ. ನನ್ನ ಮುಖವಿಲ್ಲ, ಗೋಡೆಯ ಬರಹವಿಲ್ಲ, ಹಂಚು ಮತ್ತು ಎರಡು ಕೈ ಅಷ್ಟೇ. ಆ ಕೈ ಯಾರದೆಂದು ಕೈಯೇ ಹೇಳುತ್ತದೆಯೇ? “ಬೇಕಂತ ರೊಟ್ಟಿ ಕೆಡಸೂಣ ಬಾ, ಅವನ ಮಾನ ಹೋಗ್ಲಿ” ಎಂದಳು ದುರಗವ್ವ. ಪ್ರಯತ್ನ ಮಾಡಿದೆವು. ಕೈ ಕೇಳಲಿಲ್ಲ. ಹಿಟ್ಟು ಅಂಗೈಗೆ ಹತ್ತಿದರೆ ಸಾಕು, ರೊಟ್ಟಿ ತಾನಾಗಿ ದುಂಡಗಾಗಿ ತೆಳ್ಳಗಾಗಿ ಹಂಚಿನ ಮೇಲೆ ಉಬ್ಬುತ್ತಿತ್ತು. ಅವನ ಗಿರಾಕಿಗಳು ಅದನ್ನೇ ನೋಡಿ ಚಪ್ಪರಿಸಿ, ತೊಗಲು ಜಗಿದು, ನನ್ನನ್ನು ಬೈದು ಏಳುತ್ತಿದ್ದರು.

ನನ್ನ ಖಾನಾವಳಿಗೆ ಹೊಸಬರು ಬರುವುದು ನಿಂತಿತು. ಹಳಬರೂ ಕೆಲವರು ಬಾಗಿಲವರೆಗೆ ಬಂದು, ‘ಅದ ರೊಟ್ಟಿ ಅಲ್ಲೇನು’ ಎಂದು ಮುಂದೆ ಹೋದರು. ಬಾಡಿಗೆಯ ಮನೆಯಲ್ಲ, ಹೇಗೋ ಹೊಟ್ಟೆ ನಡೆಯುತ್ತಿತ್ತು. ನನ್ನನ್ನು ಸುಟ್ಟದ್ದು ಬೇರೆ. ಬಾವಿ ಓಣಿಯ ರೊಟ್ಟಿ ಎಂದರೆ ಈ ಊರಿನಲ್ಲಿ ನನ್ನ ಅವ್ವನ ಹೆಸರು. ಸತ್ತವಳು ಎದ್ದು ಬಂದು ಜಗಳವಾಡುವುದಿಲ್ಲ ಎಂದು ಅವಳ ಹೆಸರನ್ನು ಒಬ್ಬನು ನೀರು ಚಿಮುಕಿಸಿ ಮಾರುತ್ತಿದ್ದ. ಅವಳ ಬದಲು ನಾನಿದ್ದೇನಲ್ಲ, ಜಗಳವಾಡಲು.

ಚೌಕಟ್ಟು ಕೆತ್ತುವ ಬಡಿಗ ಮೌನೇಶಪ್ಪನ ಹತ್ತಿರ ಹೋದೆ. ಊರಿನ ಎಲ್ಲ ಚೌಕಟ್ಟೂ ಅವನದು ಅಥವಾ ಅವನ ಅಪ್ಪನದು. ಯಾರ ಪರವೂ ಅಲ್ಲದ ಮನುಷ್ಯ, ಕೊಟ್ಟ ಮಾತು ಕೆತ್ತುತ್ತಾನೆ ಅಷ್ಟೇ.

“ನಾ ಮನಿ ಬಿಟ್ರ ಅವನ ಚೌಕಟ್ಟಿನ್ಯಾಗ ಏನು ಕಾಣತೈತಿ?” ಎಂದು ಕೇಳಿದೆ.

“ಬಿಟ್ಟ ಮನಿ ಕಾಣತೈತಿ. ಅವಂದು ಬಾವಿ ಓಣಿ ಮನಿ ಹೆಸರಲೆ ಕೆತ್ತಿದ್ದು.”

“ಮತ್ತ ನಮ್ಮಕ್ಕಂದು? ಅದಕ್ಕ ತವರು ಅಂತ ಕೆತ್ತೈತಿ.”

ಅವನು ಉಳಿ ಕೆಳಗಿಟ್ಟ. ಮರದ ಹೊಟ್ಟನ್ನು ಕಾಲಿನಿಂದ ಸರಿಸಿದ. “ತವರು ಅಂದ್ರ ಮನಿಯೋ ಮಂದಿಯೋ, ನನಗ ಗೊತ್ತಿಲ್ಲ ಹೊನ್ನವ್ವ. ನಮ್ಮಪ್ಪ ಕೆತ್ತಿದ, ನಾನೂ ಕೆತ್ತಾಕತ್ತೀನಿ. ಹಳೀ ಮನಿ ಕಾಣಬಹುದು. ಏನೂ ಕಾಣದ ಬೆಳ್ಳಗೂ ಆಗಬಹುದು. ಅವ್ವ ಇಲ್ಲ, ಅಪ್ಪ ಇಲ್ಲ, ಮನೀನೂ ಬಿಟ್ರ...” ಎಂದು ಮಾತು ನುಂಗಿದ. ಅವನು ನುಂಗಿದ್ದನ್ನು ಅಕ್ಕನ ಅತ್ತೆ ಎಂದೋ ಹೇಳಿಯಾಗಿತ್ತು.

ದಾರಿಯುದ್ದಕ್ಕೂ ಅದೇ ಯೋಚನೆ. ಕೂತರೆ ಅವ್ವನ ಹೆಸರು ಹೋಗುತ್ತದೆ. ಎದ್ದರೆ ಅಕ್ಕನ ಕಿಟಕಿ ಹೋಗಬಹುದು, ಜೊತೆಗೆ ಆ ಮುದುಕಿಯ ಮಾತು ನಿಜವಾಗಬಹುದು. ನನ್ನೊಬ್ಬಳ ವಿಷಯವಾಗಿದ್ದರೆ ಅಂದೇ ಒಲೆ ಕೀಳುತ್ತಿದ್ದೆ. ಕಿಟಕಿ ಅಕ್ಕನದು, ಅವಳನ್ನು ಕೇಳದೆ ಹೇಗೆ? ಬೆಳಿಗ್ಗೆ ಒಲೆ ಹೊತ್ತಿಸದೆ, ಬಾಗಿಲೆದುರಿನ ಗೋಡೆಯ ಮುಂದೆ ನಿಂತು, ಹೋಟೆಲಿನ ಮಂದಿ ಕೇಳಿದರೆ ಕೇಳಲಿ ಎಂದು ಬಾಯಿ ಬಿಟ್ಟೆ.

“ಅಕ್ಕಾ, ನಾ ಮನಿ ಬಿಡಬೇಕಂತ ಮಾಡೀನಿ. ಒಲಿ ಎತಗೊಂಡು ಬ್ಯಾರೆ ಕಡೆ ಹೋಗ್ತೀನಿ. ಇಲ್ಲೇ ಇದ್ರ ಅವ್ವನ ಹೆಸರು ಉಳಿಯೂದಿಲ್ಲ. ನಿನ್ನ ಚೌಕಟ್ಟಿಗೆ ಮನಿ ಹೆಸರಿಲ್ಲ, ತವರು ಅಂತ ಐತಿ. ಅದು ನನ್ನ ಹಿಂದ ಬರತೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ನೀ ಬ್ಯಾಡ ಅಂದ್ರ ಹೋಗೂದಿಲ್ಲ. ಮಕ್ತುಮಸಾಬನ ಕಡೆ ಹೇಳಿ ಕಳಿಸು.” ದುರಗವ್ವ ಅತ್ತ ತಿರುಗಿ ಸುಮ್ಮನೆ ಹಿಟ್ಟು ನಾದುತ್ತಿದ್ದಳು, ನಾದಿ ಆಗಿದ್ದ ಹಿಟ್ಟನ್ನೇ.

ಮಕ್ತುಮಸಾಬ ಬರುವ ತನಕ ನನಗೆ ಅನ್ನ ಸೇರಲಿಲ್ಲ. ಅವನು ಬಂದವನು ಜೋಳಿಗೆ ಇಳಿಸಿ, ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿದ. “ಹೋಗು ಅಂದಾಳ. ಹೆದರಿಕೊಂಡು ಕೂಡಬ್ಯಾಡ, ಅವ್ವ ನಮಗ ಹೆದರೂದು ಕಲಿಸಿಲ್ಲ ಅಂದಾಳ. ಚೌಕಟ್ಟಿನ್ಯಾಗ ಕಂಡ್ರ ಕಾಣು. ಕಾಣದಿದ್ರ ನೀ ಎಲ್ಲ್ಯೋ ಒಂದು ಕಡೆ ರೊಟ್ಟಿ ಬಡ್ಯಾಕತ್ತೀ ಅಂತ ನನಗ ಗೊತ್ತಿರತೈತಿ ಅಂದಾಳ. ಇನ್ನೊಂದು ಏನೋ ಅಂದ್ಳು...” ಅವನು ತಲೆ ಕೆರೆದುಕೊಂಡ. “ಹಾಂ, ಇದನ್ನ ಕೇಳಾಕ ಇಷ್ಟು ದಿನ ತಗೊಂಡಿ, ಮೂಳಿ ಅಂದಾಳ.”

ನನಗೆ ಮತ್ತೇನೂ ಬೇಕಿರಲಿಲ್ಲ.

ಊರಾಚೆ ಹಳೆಯ ಗಾಣದ ಮನೆಯೊಂದು ಖಾಲಿ ಬಿದ್ದಿತ್ತು. ಎಣ್ಣೆ ಕುಡಿದು ಕಪ್ಪಾದ ನೆಲ, ಎತ್ತರದ ಮಾಡು. ಅಲ್ಲಿ ಸುಣ್ಣ ಬಳಿದು, ಹಳೆಯ ಒಲೆಯ ಮಣ್ಣನ್ನೇ ಹೊತ್ತೊಯ್ದು ಕಲೆಸಿ ಹೊಸ ಒಲೆ ಹಾಕಿದೆವು. ಮಣ್ಣಿನ ಬುಟ್ಟಿ ತಲೆಯ ಮೇಲೆ ಹೊತ್ತು ಪೇಟೆಯ ನಡುವೆ, ಬೇಕೆಂದೇ ಅಂದಾನಪ್ಪನ ಹೋಟೆಲಿನ ಮುಂದೆ ನಡೆದೆ. “ಹೊಸಾ ಜಾಗಕ್ಕೂ ನಿನ್ನ ಚೌಕಟ್ಟು ಬಂದ್ರ ಇನ್ನೊಂದು ಕಡೆ ಹೋಗ್ತೀನಿ, ಅಲ್ಲೂ ಬಂದ್ರ ಮತ್ತೊಂದು ಕಡೆ. ಒಲಿ ನನ್ನ ತಲಿ ಮ್ಯಾಗ ಐತಿ, ನಿನ್ನ ಗ್ವಾಡಿ ಮ್ಯಾಗಲ್ಲ!” ಎಂದು ನಿಂತವರೆಲ್ಲ ಕೇಳುವಂತೆ ಹೇಳಿದೆ. ಹೊಸ ಜಾಗ ಎಲ್ಲ ರೀತಿಯಿಂದಲೂ ಹೊಂದಿತು. ಒಂದೇ ಕೊರತೆ, ಉಪ್ಪಿನ ಗಡಿಗೆ ಇಡಲು ಒಲೆಯ ಎಡಗಡೆ ಗೂಡಿರಲಿಲ್ಲ. ಬಲಗಡೆಯ ಕಲ್ಲಿನ ಮೇಲೆ ಇಟ್ಟೆ. ಕೈ ಮಾತ್ರ ದಿನವೂ ಎಡಕ್ಕೆ ಹೋಗಿ ಬರಿದೇ ವಾಪಸು ಬರುತ್ತಿತ್ತು.

ಬಾವಿ ಓಣಿಯ ಮನೆಗೆ ಬೀಗ ಹಾಕಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ. ನೋಡುವವರು ನೋಡಲಿ. ಓಣಿಯ ಆಡುಗಳಿಗೆ ತೆರೆದ ಬಾಗಿಲೆಂದರೆ ಕರೆದಂತೆ. ‘ನಮ್ಮ ಅಡುಗೆಮನೆ. ನೋಡುತ್ತ ಉಣ್ಣಿರಿ’ ಎಂಬ ಹಲಗೆಯ ಕೆಳಗೆ ಹೋಟೆಲಿನ ಮಂದಿ ಆಡಿನ ಕಾಲುಗಳನ್ನು ನೋಡುತ್ತ ಉಂಡರು. ಅವು ಒಲೆಯಿದ್ದ ಜಾಗದಲ್ಲಿ ಹಿಕ್ಕೆ ಹಾಕಿದ್ದನ್ನೂ ನೋಡಿದರು.

ಅಂದಾನಪ್ಪ ಮೌನೇಶಪ್ಪನಲ್ಲಿಗೆ ಓಡಿದ. ಅಲ್ಲಿ ನಡೆದ ಮಾತನ್ನು ಮೌನೇಶಪ್ಪನೇ ನನಗೆ ಆಮೇಲೆ ಹೇಳಿದ. ಗಾಣದ ಮನೆ ಎಂದು ಕೆತ್ತಿಸಿದರೆ ಈ ಹೆಂಗಸು ಮತ್ತೆ ಬುಟ್ಟಿ ಹೊರುತ್ತಾಳೆ ಎಂದು ಅಂದಾನಪ್ಪನಿಗೆ ಚಿಂತೆ. ನಾನು ಅಕ್ಕನಿಗೆ ಹೇಳಿದ್ದನ್ನು ಅವನು ತನ್ನ ಗೋಡೆಯಲ್ಲಿ ಕೇಳಿಸಿಕೊಂಡಿದ್ದ. ಜಾಗದ ಹೆಸರು ಬೇಡ, ಹಿಂದೆ ಹಿಂದೆ ಹೋಗುವ ಮಾತು ಬೇಕು ಎಂದು ಲೆಕ್ಕ ಹಾಕಿದ.

“ಏನು ಕೆತ್ತಲಿ?” ಎಂದನಂತೆ ಮೌನೇಶಪ್ಪ.

“ನಮ್ಮ ಅಡಿಗಿಮನಿ ಅಂತ ಕೆತ್ತು.”

“ಹೌದೇನ್ರಿ? ವಿಚಾರ ಮಾಡಿ ಹೇಳ್ರಿ.”

“ವಿಚಾರ ಏನು ಬಂತು? ಊರಿನ ಮಂದಿ ಎಲ್ಲ ಅದನ್ನ ನಮ್ಮ ಅಡಿಗಿಮನಿ ಅಂತಾರ. ಹಲಗಿ ಮ್ಯಾಗೂ ಅದ ಐತಿ. ಕೆತ್ತು ಮಾರಾಯ, ಊಟದ ಹೊತ್ತಾತು.”

ಪಾಪ, ಸುಳ್ಳನ್ನು ದಿನಾ ತಲೆಯ ಮೇಲೆ ತೂಗುಹಾಕಿಕೊಂಡು ಅವನಿಗೇ ಅದು ನಿಜವಾಗಿಬಿಟ್ಟಿತ್ತು. ಮೌನೇಶಪ್ಪ ಕೊಟ್ಟ ಮಾತು ಕೆತ್ತಿದ. ಕಾಣಲಿ ಎಲ್ಲರಿಗೂ ಎಂದು ಅಂದಾನಪ್ಪ ಹಳೆಯ ದೊಡ್ಡ ಚೌಕಟ್ಟನ್ನೇ ಮತ್ತೆ ಹಾಕಿಸಿದ, ಕೆಳಪಟ್ಟಿ ಮಾತ್ರ ಹೊಸದು. ಪಂಕ್ತಿ ತುಂಬಿತ್ತು. ದುರಗವ್ವ ಅಂದು ತೊಗಲಿನ ರುಚಿ ನೋಡಬೇಕೆಂದು ಅಲ್ಲೇ ಕೂತಿದ್ದಳು. ಮರಳಿ ಬಂದು ಅವಳು ನಮ್ಮ ಒಲೆಯ ಮುಂದೆ ಅದೆಲ್ಲವನ್ನೂ ಆಡಿ ತೋರಿಸಿದಳು.

ಕೆಳಪಟ್ಟಿ ಕೂತ ಕೂಡಲೇ ಚೌಕಟ್ಟಿನಲ್ಲಿ ಒಂದು ಅಡುಗೆಮನೆ ಕಂಡಿತು. ಒದ್ದೆ ನೆಲ, ಗೋಣಿಚೀಲದ ತುಂಬ ರೊಟ್ಟಿ, ಚೀಲದ ಮೇಲೆ ಬೆಕ್ಕು ಮಲಗಿದೆ. ಬನಿಯನ್ನು ತೊಟ್ಟ ಒಬ್ಬನು ನೆಲ ಒರೆಸುವ ಬಕೆಟ್ಟಿನಿಂದಲೇ ಕೈ ಅದ್ದಿ ರೊಟ್ಟಿಗೆ ನೀರು ಹೊಡೆಯುತ್ತಿದ್ದಾನೆ. ಉಣ್ಣುವವರ ಕೈ ಬಾಯಿಯ ಹತ್ತಿರವೇ ನಿಂತವು. ಯಾರ ಅಡುಗೆಮನೆ ಇದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ, ಚೌಕಟ್ಟು ಹೇಗೆ ಕಾಣುತ್ತಿದೆ ಎಂದು ತಿರುಗಿ ನೋಡದೆ ಒಳಗೆ ಹೋಗಿದ್ದ ಅಂದಾನಪ್ಪ ಅದೇ ಚೌಕಟ್ಟಿನೊಳಗೆ ಕಾಣಿಸಿಕೊಂಡು, “ಮೊನ್ನೀವು ಮೊದಲ ಖಾಲಿ ಮಾಡ್ರೋ, ಬೂಷ್ಟು ಹಿಡ್ಯಾಕತ್ತಾವು!” ಎಂದು ಗದರಿದ. ಅವನ ಮಾತು ಒಳಗಿನಿಂದಲೂ ಗೋಡೆಯಿಂದಲೂ ಎರಡು ಸಲ ಕೇಳಿಸಿತಂತೆ. ಹೊರಗೆ ಬಂದವನು ಮಂದಿ ಎದ್ದು ನಿಂತದ್ದು ನೋಡಿ, ಗೋಡೆ ನೋಡಿ, ಮೇಜಿನ ಬಟ್ಟೆ ಎಳೆದು ಚೌಕಟ್ಟಿಗೆ ಹೊದಿಸಲು ಹೋದ. ಬಟ್ಟೆಯ ಜೊತೆ ಸಾರಿನ ಬೋಗುಣಿಯೂ ಬಂತು.

ದುರಗವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. ನಾನೂ ನಕ್ಕೆ. ಸಂಜೆಯ ಊಟಕ್ಕೆ ಗಾಣದ ಮನೆಯ ಮುಂದೆ ಮಂದಿ ಸಾಲು ನಿಂತರು. ಅವ್ವನ ಹೆಸರು ಉಳಿಯಿತು, ಅಷ್ಟರ ಮಟ್ಟಿಗೆ ನಾನು ಗೆದ್ದೆ. ಆದರೆ ನಗು ಇಳಿದ ಮೇಲೆ ಒಂದು ಹೆದರಿಕೆ ಹುಟ್ಟಿತು. ಅಂದಾನಪ್ಪ ಬಯಸಿದ್ದು ನನ್ನ ಒಲೆ, ಕೆತ್ತಿಸಿದ ಮಾತು ಮಾತ್ರ ಅವನು ಬಯಸಿದಲ್ಲಿಗೆ ಹೋಗಲಿಲ್ಲ, ತಾನು ನಿಜವಾಗುವ ಜಾಗಕ್ಕೆ ಹೋಗಿ ನಿಂತಿತು. ಹಾಗಾದರೆ ಅಕ್ಕನ ಮಾತು? ನಾನು ಎಷ್ಟು ಬಯಸಿದರೇನು, ತವರು ಎಂಬುದು ಎಲ್ಲೂ ನಿಜವಾಗಿ ಉಳಿದಿಲ್ಲದಿದ್ದರೆ ಅದು ಹೋಗಿ ನಿಲ್ಲುವುದಾದರೂ ಎಲ್ಲಿ? ಗಾಣದ ಮನೆ ನನ್ನ ಅಪ್ಪನದಲ್ಲ, ಅವ್ವ ಇಲ್ಲಿ ಒಂದು ದಿನವೂ ಕಾಲಿಟ್ಟವಳಲ್ಲ. ಹೊಸ ಗೋಡೆಯ ಮುಂದೆ ನಿಂತು “ಎದ್ದೇನವಾ ಅಕ್ಕಾ?” ಎನ್ನುವಾಗ ಮೊದಲ ಸಲ ನನಗೆ ನಾನು ಬರಿಯ ಗೋಡೆಗೆ ಮಾತಾಡುತ್ತಿರಬಹುದು ಅನ್ನಿಸಿತು. ಆದರೂ ಬಿಡಲಿಲ್ಲ. ಅವಳಿಗೆ ಕಾಣದಿದ್ದರೂ ಕಾಣುವವಳ ಮುಂದೆ ಕೂತಂತೆ ತಲೆ ಬಾಚಿಕೊಂಡೇ ಒಲೆಯ ಮುಂದೆ ಕೂತೆ.

ಮಕ್ತುಮಸಾಬ ಹಳೆಯ ಓಣಿಗೆ ಹೋಗಿ, ಆಡುಗಳನ್ನು ವಿಚಾರಿಸಿ, ಕೇಳಿಕೊಂಡು ಕೇಳಿಕೊಂಡು ಗಾಣದ ಮನೆಗೆ ಬಂದಾಗ ಮಧ್ಯಾಹ್ನದ ಪಂಕ್ತಿ ನಡೆದಿತ್ತು. ಅವನು ಹೊಸ್ತಿಲ ಆಚೆಯೇ ಜೋಳಿಗೆ ಇಳಿಸಿ ನೀರು ಬೇಡಿದ. ತಂಬಿಗೆ ಕೊಟ್ಟೆ.

“ಅಕ್ಕ ಏನಂದ್ಳು?”

“ಬೈದಾಳ” ಎಂದ.

“ಏನಂತ ಬೈದಾಳ, ಹೇಳೋ ಮಾರಾಯ!”

ಅವನು ಕಣ್ಣು ಮುಚ್ಚಿಕೊಂಡ. “ಉಪ್ಪಿನ ಗಡಿಗಿ ಎಡಕ್ಕ ಇಡು ಅಂದಾಳ. ದಿನಾ ಎಡಕ್ಕ ಕೈ ಚಾಚಿ ತಡಕ್ಯಾಡೂದು, ಆಮ್ಯಾಲೆ ಬಲಕ್ಕ ತಿರುಗೂದು, ನೋಡಿ ನೋಡಿ ನನ್ನ ಕೈ ನೋಯಾಕತ್ತೈತಿ. ಒಂದು ಹಲಗಿ ಹೊಡಕೊಳ್ಳಾಕ ಆಗೂದಿಲ್ಲೇನು ಆ ಹುಚ್ಚಿಗೆ, ಕೇಳು ಅಂದಾಳ.” ಕಣ್ಣು ಬಿಟ್ಟು, “ಯಾವ ಗಡಿಗಿ? ಎಲ್ಲೈತಿ?” ಎಂದು ನನ್ನನ್ನೇ ಕೇಳಿದ.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅಳು ಬಂತು, ಪಂಕ್ತಿಯವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಅವನು ಇನ್ನೂ ಹೇಳುತ್ತಿದ್ದ. ನಾವು ಒಲೆ ಕಿತ್ತ ದಿನ ಅಕ್ಕನ ಚೌಕಟ್ಟು ಬೆಳ್ಳಗಾಯಿತಂತೆ. “ಮುಗೀತಲ್ಲ ನಿನ್ನ ತವರು” ಎಂದಳಂತೆ ಅತ್ತೆ. ಅಕ್ಕ ಅದರ ಮುಂದೆಯೇ ಕೂತಳಂತೆ. ಗಾಣದ ಮನೆಯಲ್ಲಿ ನಾನು ಮೊದಲ ರೊಟ್ಟಿ ಬಡಿಯತೊಡಗಿದಾಗ ಬಿಳಿಯ ಗೋಡೆಯಿಂದ ಮೊದಲು ಆ ಸದ್ದು ಬಂತಂತೆ. ಆಮೇಲೆ ನನ್ನ ಕೈ ಕಂಡವಂತೆ, ಆಮೇಲೆ ನಾನು.

“ಅತ್ತಿ ಏನು ಮಾಡಿದ್ಳಂತ?” ಎಂದು ಮೂಗು ಒರೆಸಿಕೊಳ್ಳುತ್ತ ಕೇಳಿದೆ.

“ಕೂಡೂ ಮಣಿ ಹಾಕ್ಕೊಂಡು ಆಕಿ ಬಾಜೂಕ ಕುಂತು ತಾನೂ ನೋಡಿದ್ಳಂತ.”

ಮಕ್ತುಮಸಾಬನಿಗೆ ಎಲೆ ಹಾಕಿದೆ. ಆಮೇಲೆ ಮೂಲೆಯಲ್ಲಿದ್ದ ಮಣೆಯೊಂದನ್ನು ತಂದು, ಒಲೆಯ ಎಡಗಡೆಯ ಗೋಡೆಗೆ ಎರಡು ಗೂಟ ಬಡಿದು, ಅದರ ಮೇಲೆ ಕೂರಿಸಿದೆ. ಉಪ್ಪಿನ ಗಡಿಗೆಯನ್ನು ಬಲಗಡೆಯಿಂದ ಎತ್ತಿ ಅಲ್ಲಿಟ್ಟೆ. ಬಾಗಿಲೆದುರಿನ ಗೋಡೆಯತ್ತ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, “ಸಾಕೇನಕ್ಕಾ? ಇಲ್ಲಾ ಇನ್ನೂ ಸ್ವಲ್ಪ ಒಳಗ ಸರಸಲೇನು?” ಎಂದೆ. ಉತ್ತರ ಬರುವುದು ಮಕ್ತುಮಸಾಬ ಮತ್ತೆ ಬಂದಾಗ, ಅದೂ ಬೈಗುಳವೇ. ಹಂಚು ಕಾದಿತ್ತು. ಹಿಟ್ಟಿನ ಉಂಡೆ ಕೈಗೆ ತಗೊಂಡು ಬಡಿಯಲು ಕೂತೆ.